ಗೋಲ್ಡಿ ಕೆಳಗಿಳಿದದ್ದು ನನ್ನ ಕಾರ್ಡಿನಲ್ಲಿರಲಿಲ್ಲ

ಊಟಿಯಲ್ಲಿ ನಾಯಿಗೆ ಜ್ವರ ಬಂದರೆ, ಥರ್ಮಾಮೀಟರ್ ಕೈಗೆತ್ತಿಕೊಳ್ಳುವ ಮೊದಲೇ ಕೇಳಬೇಕಾದ ಪ್ರಶ್ನೆ ಒಂದಿದೆ: ಇದು ಇತ್ತೀಚೆಗೆ ಕೆಳಗೆ ಹೋಗಿತ್ತಾ? ಕೆಳಗೆ ಎಂದರೆ ಘಾಟ್ ಇಳಿದು ಮಸಿನಗುಡಿಗೆ, ತೆಪ್ಪಕಾಡಿಗೆ. ನಮ್ಮ ಮೇಲಿನ ಚಳಿಯಲ್ಲಿ ಉಣ್ಣಿಗಳು ಅಪರೂಪ. ಕೆಳಗೆ, ಬಿಸಿಲು ಕಾಡು ದನಕರುಗಳ ನಡುವೆ, ಹುಲ್ಲಿನ ತುದಿಯಲ್ಲೆಲ್ಲ ಅವೇ. ಉಣ್ಣಿ ಕಚ್ಚಿ ಬರುವ ಜ್ವರ ಬೇರೆ, ಅದರ ಇಂಜೆಕ್ಷನ್ ಬೇರೆ.

ನಾನು ಕೆಲಸ ಮಾಡುತ್ತಿದ್ದ ಕ್ಲಿನಿಕ್ಕಿನ ಕೇಸ್ ಕಾರ್ಡಿನಲ್ಲಿ ಆ ಪ್ರಶ್ನೆಯನ್ನು ಅಚ್ಚು ಹಾಕಿಸಿದವಳೇ ನಾನು. ಹೆಸರು, ವಯಸ್ಸು, ಡಯಟ್, ವ್ಯಾಕ್ಸಿನೇಷನ್, ಟ್ರಾವೆಲ್, ಕೊನೆಯಲ್ಲಿ ‘ವಿವರ ಕೊಟ್ಟವರು’. ಹನ್ನೊಂದು ವರ್ಷ ಆ ಕೌಂಟರಿನ ಹಿಂದೆ ಕೂತು, ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ ಕರ್ಸಿವ್‌ನಲ್ಲಿ, ಒಂದು ಇಂಕ್ ಚುಕ್ಕೆಯೂ ಬೀಳದ ಹಾಗೆ ಕಾರ್ಡುಗಳನ್ನು ತುಂಬಿದೆ. ಡಾಕ್ಟರು ಕೊಯಮತ್ತೂರು ಕಡೆಯವರು, ಮಾತು ಕಮ್ಮಿ. ಪ್ರಾಣಿಯನ್ನು ಮುಟ್ಟುವ ಮೊದಲು ನನ್ನ ಕಾರ್ಡ್ ಓದುತ್ತಿದ್ದರು. “ಮಿಸ್ ಬರೆದರೆ ಬರೆದ ಹಾಗೆ” ಎಂದು ಒಮ್ಮೆ ಯಾರಿಗೋ ಹೇಳಿದ್ದನ್ನು ಕೇಳಿಸಿಕೊಂಡು ನಾನು ಒಂದು ವಾರ ಹಿಗ್ಗಿದ್ದೆ.

ತೊಂಬತ್ತರ ದಶಕದ ಕೊನೆಯ ಒಂದು ಜೂನ್ ತಿಂಗಳಲ್ಲಿ ಆ ಹುಡುಗಿ ಬಂದಳು. ಕೋತಗಿರಿ ಪಕ್ಕದ ಹಟ್ಟಿಯವಳು, ಬಡಗರ ಮನೆಯವಳು; ಪಶು ಆರೋಗ್ಯದ್ದೇನೋ ಒಂದು ಡಿಪ್ಲೊಮಾ ಮುಗಿಸಿದ್ದಳು. ಡಾಕ್ಟರಿಗೆ ಅಸಿಸ್ಟೆಂಟ್ ಎಂದು ಸೇರಿದಳು. ಊರೆಲ್ಲ ನನ್ನನ್ನು ‘ಮಿಸ್’ ಎಂದರೆ ಇವಳು ಮೊದಲ ದಿನವೇ ‘ಆಂಟಿ’ ಎಂದಳು.

ಹೊಟ್ಟೆಕಿಚ್ಚು ಎಂಬ ಪದವನ್ನು ನನ್ನ ಬಗ್ಗೆ ನಾನು ಅಲ್ಲಿಯವರೆಗೆ ಬಳಸಿರಲಿಲ್ಲ. ಅದು ಬೇರೆಯವರಿಗೆ ಇರುವಂಥದ್ದು ಎಂದುಕೊಂಡಿದ್ದೆ. ಇವಳು ಬಂದ ಮೇಲೆ ನಾನು ಲೆಕ್ಕ ಹಿಡಿಯಲು ಶುರು ಮಾಡಿದೆ: ಬಾಗಿಲಲ್ಲಿ ಎಷ್ಟು ಜನ ನನ್ನ ಕಡೆ ನೋಡಿದರು, ಎಷ್ಟು ಜನ ನನ್ನ ತಲೆಯ ಮೇಲಿಂದ ಅವಳನ್ನು ಹುಡುಕಿದರು. ಹಟ್ಟಿಯಿಂದ ಬರುವ ಮುದುಕಿಯರಿಗೆ “ಅವ್ವೆ, ಒಳ್ಳೆಂಗೆ ಇದ್ದಿಯಾ?” ಎಂದು ಕೇಳುತ್ತ ಅವಳು ನೆಲದ ಮೇಲೆಯೇ ಕೂರುತ್ತಿದ್ದಳು, ಸ್ಟೂಲ್ ಇದ್ದರೂ. ನಾಯಿಯ ಕಿವಿಯನ್ನು ಮಡಚಿ ಮೂಸಿ ನೋಡುತ್ತಿದ್ದಳು. ನಾನು ಅಷ್ಟು ವರ್ಷದಲ್ಲಿ ಒಂದು ಪೇಷಂಟಿನ ಕಿವಿಯನ್ನೂ ಮೂಸಿದವಳಲ್ಲ. ನನ್ನ ಕೌಂಟರಿನಲ್ಲಿ “ಎರಡು ದಿನದಿಂದ ಊಟ ಬಿಟ್ಟಿದೆ” ಎಂದಷ್ಟೇ ಹೇಳಿದ ಹೆಂಗಸು, ಒಳಗೆ ಹೋಗಿ ಇವಳ ಹತ್ತಿರ, ಸರ್ಕಾರಿ ಆಸ್ಪತ್ರೆಯಲ್ಲಿ ಆಗಲೇ ಒಂದು ಇಂಜೆಕ್ಷನ್ ಹಾಕಿಸಿದ್ದನ್ನೂ, ಗಂಡ ನಾಯಿಗೆ ಒದ್ದದ್ದನ್ನೂ ಹೇಳಿಬಿಡುತ್ತಿದ್ದಳು. ಮತ್ತೆ ಹಟ್ಟಿಯವರು ತರುತ್ತಿದ್ದ ಕ್ಯಾರೆಟ್ ಕಟ್ಟು ಯಾರಿಗೆ? ಅವಳಿಗೆ. ಮಣ್ಣು ಮೆತ್ತಿದ, ಸೊಪ್ಪಿನ ಸಮೇತದ ಕ್ಯಾರೆಟ್. ನನಗೆ ಬರುತ್ತಿದ್ದದ್ದು ಕ್ರಿಸ್‌ಮಸ್‌ಗೆ ಒಂದು ಕಾರ್ಡ್.

ನನ್ನ ಕೆಲಸದ ರೀತಿಯಲ್ಲಿದ್ದ ಒಂದು ದೋಷವನ್ನು ಇಲ್ಲೇ ಹೇಳಬೇಕು. ಆಗ ಅದು ದೋಷ ಎಂದು ನನಗೆ ಗೊತ್ತಿರಲಿಲ್ಲ. ಪರಿಚಯದ ಮನೆಗಳು ಎಂದು ನನ್ನ ಮನಸ್ಸಿನಲ್ಲಿ ಒಂದು ಪಟ್ಟಿ ಇತ್ತು. ನನ್ನ ಜೊತೆ ಕಾನ್ವೆಂಟಿನಲ್ಲಿ ಓದಿದವರು, ಒಂದೇ ಚಾಪೆಲ್ಲಿನ ಬೆಂಚಿನಲ್ಲಿ ಕೂತವರು, ಎಸ್ಟೇಟ್ ಬಂಗಲೆಗಳವರು. ಕೇಳಿದ್ದನ್ನೇ ಮತ್ತೆ ಕೇಳಿದರೆ ಎದುರಿನವರ ಮಾತನ್ನು ಸಂಶಯಿಸಿದಂತೆ ಎಂದು ಸಿಸ್ಟರ್‌ಗಳು ಕಲಿಸಿದ್ದರು. ಅದಕ್ಕೇ ಈ ಮನೆಗಳ ನಾಯಿ ಬರುತ್ತದೆ ಎಂದು ಫೋನ್ ಬಂದ ಕೂಡಲೇ ನಾನೇ ಕಾರ್ಡ್ ತೆಗೆದು, ಹಳೆಯದನ್ನು ನೋಡಿ ಹೊಸ ಸಾಲು ತುಂಬಿಬಿಡುತ್ತಿದ್ದೆ. ಡಯಟ್: ಹಾಲು, ಬ್ರೆಡ್, ಬೇಯಿಸಿದ ಮಾಂಸ. ಟ್ರಾವೆಲ್: ನಿಲ್. ವಿವರ ಕೊಟ್ಟವರು: ಮೇಡಂ, ಫೋನಿನಲ್ಲಿ. ಅದು ಮ್ಯಾನರ್ಸ್ ಎಂದುಕೊಂಡಿದ್ದೆ.

ಜುಲೈನ ಒಂದು ಸೋಮವಾರ ಗೋಲ್ಡಿ ಬಂದಳು. ನನ್ನ ಶಾಲೆಯ ಗೆಳತಿಯೊಬ್ಬಳ ಲ್ಯಾಬ್ರಡಾರ್, ಐದು ವರ್ಷದ ಹೆಣ್ಣುನಾಯಿ. ಗೆಳತಿ ಗಂಡನನ್ನು ಕಳೆದುಕೊಂಡ ಮೇಲೆ ಆ ದೊಡ್ಡ ಬಂಗಲೆಯಲ್ಲಿ ಅವಳೂ ಗೋಲ್ಡಿಯೂ ಔಟ್‌ಹೌಸಿನಲ್ಲಿ ಡ್ರೈವರ್ರೂ ಅಷ್ಟೇ. ಬೆಳಿಗ್ಗೆ ಫೋನ್ ಮಾಡಿದ್ದಳು: “ಡಾರ್ಲಿಂಗ್, ಷಿ ಈಸ್ ಆಫ್ ಹರ್ ಫುಡ್. ನನಗೆ ಈ ಮಂಜಿನಲ್ಲಿ ಮಂಡಿ ನೋವು, ಡ್ರೈವರ್ ಕರ್ಕೊಂಡು ಬರ್ತಾನೆ.”

ಡ್ರೈವರ್ ಐವತ್ತು ದಾಟಿದ ಮನುಷ್ಯ, ಮಸಿನಗುಡಿಯ ಕನ್ನಡದವನು. ಚೈನನ್ನು ಹುಡುಗಿಯ ಕೈಗೆ ಕೊಟ್ಟು ವೆರಾಂಡದಲ್ಲಿ ಒದ್ದೆ ಕೊಡೆ ಹಿಡಿದು ನಿಂತ. ಬಂಗಲೆಯ ಡ್ರೈವರ್‌ಗಳು ಒಳಗೆ ಬರುವ ಪದ್ಧತಿ ಇರಲಿಲ್ಲ; ಬನ್ನಿ ಎಂದು ನಾವು ಕರೆಯುತ್ತಲೂ ಇರಲಿಲ್ಲ.

ಜ್ವರ ನೂರನಾಲ್ಕರ ಮೇಲೆ. ಕಣ್ಣಿನ ಬಿಳಿಭಾಗ ಹಳದಿ. ಒಸಡು ಹಳದಿ ಮಿಶ್ರಿತ ಬಿಳುಪು. ಮನೆಯಲ್ಲಿ ನಾಯಿ ಸಾಕಿದವರೆಲ್ಲ ಅದು ಆರೋಗ್ಯವಾಗಿರುವಾಗಲೇ ವಾರಕ್ಕೊಮ್ಮೆ ತುಟಿ ಎತ್ತಿ ಒಸಡಿನ ಬಣ್ಣ ನೋಡಿಟ್ಟುಕೊಳ್ಳಬೇಕು, ಇಲ್ಲದಿದ್ದರೆ ಕೆಟ್ಟಾಗ ಕೆಟ್ಟಿದ್ದು ಗೊತ್ತಾಗುವುದಿಲ್ಲ. ಮೂತ್ರ ಕಡುಬಣ್ಣಕ್ಕೆ ತಿರುಗಿತ್ತು. ಮಳೆಗಾಲದಲ್ಲಿ ಇಲಿಯ ಮೂತ್ರದಿಂದ ಬರುವ ಕಾಮಾಲೆ, ಲೆಪ್ಟೋ, ನಮ್ಮಲ್ಲಿ ಸಾಮಾನ್ಯ. ಡಾಕ್ಟರು ಅದನ್ನೇ ಯೋಚಿಸಿದರು.

“ಡಾಕ್ಟರ್, ಒಂದು ಸ್ಮಿಯರ್ ನೋಡೋಣ್ವಾ?” ಹುಡುಗಿ ಕೇಳಿದಳು. “ಒಸಡು ಬರೀ ಹಳದಿ ಅಲ್ಲ, ರಕ್ತಾನೇ ಕಮ್ಮಿ ಇದ್ದಂಗಿದೆ.”

ಸ್ಮಿಯರ್ ಎಂದರೆ ಕಿವಿಯ ತುದಿಯಿಂದ ಒಂದು ಹನಿ ರಕ್ತ ತೆಗೆದು ಗಾಜಿನ ಮೇಲೆ ಸವರಿ, ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡುವುದು. ಆ ದಿನ ಕರೆಂಟ್ ಇರಲಿಲ್ಲ. ನಮ್ಮ ಮೈಕ್ರೋಸ್ಕೋಪ್ ಕನ್ನಡಿಯದು, ಕಿಟಕಿಯ ಬೆಳಕು ಬೇಕು. ಕಿಟಕಿಯಲ್ಲಿ ಮಂಜು ಹತ್ತಿ ತುರುಕಿದಂತೆ ನಿಂತಿತ್ತು.

ಡಾಕ್ಟರು ನನ್ನ ಕಡೆ ತಿರುಗಿದರು. “ಮಿಸ್, ಟ್ರಾವೆಲ್?”

“ನಿಲ್, ಡಾಕ್ಟರ್. ಗೋಲ್ಡಿ ಚಾರಿಂಗ್ ಕ್ರಾಸ್ ಸರ್ಕಲ್ ಕೂಡ ದಾಟಿದವಳಲ್ಲ.”

ಬೆಂಚಿನಲ್ಲಿದ್ದ ಒಬ್ಬಿಬ್ಬರು ನಕ್ಕರು. ಡಾಕ್ಟರೂ ನಕ್ಕರು. ಹುಡುಗಿ ತಲೆ ತಗ್ಗಿಸಿದಳು. ನನಗೆ ಎಷ್ಟು ಹಿತವಾಯಿತು ಎಂದರೆ, ಇವತ್ತಿಗೂ ಆ ಹಿತದ ನೆನಪು ನಾಚಿಕೆಗಿಂತ ಸ್ಪಷ್ಟವಾಗಿದೆ. ಪೆನ್ಸಿಲಿನ್ ಹಾಕಿ, ಡ್ರಿಪ್ ಕೊಟ್ಟು, ನಾಳೆ ಕರೆತರಲು ಹೇಳಿ ಕಳಿಸಿದರು.

ಮರುದಿನ ಮಂಗಳವಾರ. ಡಾಕ್ಟರು ಬೆಳಗಾಗುತ್ತಲೇ ಕೋತಗಿರಿ ರಸ್ತೆಯ ಒಂದು ಹಟ್ಟಿಗೆ ಕರು ಹಾಕಲಾಗದೆ ಒದ್ದಾಡುತ್ತಿದ್ದ ಹಸುವನ್ನು ನೋಡಲು ಹೋಗಿದ್ದರು. ನಾನು ಸ್ಟೋರ್ ರೂಮಿನಲ್ಲಿ ಹತ್ತಿಯ ಕಟ್ಟು ತೆಗೆಯುತ್ತಿದ್ದೆ. ಕಿಟಕಿಯ ಆಚೆ, ಹಿಂದಿನ ಮೆಟ್ಟಿಲ ಮೇಲೆ, ಡ್ರೈವರ್‌ನ ದನಿ.

“ತಂಗಚ್ಚಿ, ನಿನ್ ಕಾಲಿಗೆ ಬೀಳ್ತೀನಿ, ಮೇಡಂಗೆ ಮಾತ್ರ ಗೊತ್ತಾಗ್ಬಾರ್ದು. ಹದಿನೈದು ದಿನದ ಹಿಂದೆ ಅವ್ರು ಕೊಯಮತ್ತೂರಿಗೆ ತಂಗಿ ಮನೆಗೆ ಹೋಗಿದ್ರು. ನಾಯಿ ಬಿಟ್ಟು ಎಲ್ಲೂ ಹೋಗ್ಬೇಡ ಅಂದಿದ್ರು. ನಾನು ಬಿಟ್ಟು ಹೋಗ್ಲಿಲ್ಲ, ಕರ್ಕೊಂಡೇ ಹೋದೆ. ನಾಕು ದಿನ ಮಸಿನಗುಡೀಲಿ, ನಮ್ಮನೇಲಿ.”

“ಉಣ್ಣಿ ಇತ್ತಾ ಅಣ್ಣಾ?”

“ಇರ್ದೇ ಇರತ್ತಾ? ದನದ ಕೊಟ್ಟಿಗೆ ಪಕ್ಕದಲ್ಲೇ ಮಲಗ್ತಿತ್ತು. ನನ್ ಹೆಂಡ್ತಿ ಕಿವಿಯಿಂದ ಏಳೆಂಟು ಕಿತ್ತು ಒಲೆಗೆ ಹಾಕಿದ್ಲು.”

“ನೆನ್ನೇನೇ ಹೇಳೋದಲ್ವಾ?”

“ಯಾರು ಕೇಳಿದ್ರು, ತಂಗಚ್ಚಿ? ಒಳಗೆ ಕರೆದ್ರಾ ನನ್ನ? ಇಪ್ಪತ್ತು ವರ್ಷದ ಕೆಲಸ. ಹೋದ್ರೆ ಈ ವಯಸ್ಸಲ್ಲಿ ಯಾರು ಕೊಡ್ತಾರೆ?”

ನಾನು ಗೋಡೆಯ ಗಡಿಯಾರ ನೋಡಿದೆ. ಒಂಬತ್ತು ಹತ್ತು. ಯಾಕೆ ನೋಡಿದೆನೋ. ಕಾರ್ಡ್ ತುಂಬುವವಳ ಅಭ್ಯಾಸ. ಆ ಕ್ಷಣ ನನಗೆ ಗೋಲ್ಡಿಯ ಯೋಚನೆ ಬರಲಿಲ್ಲ. ಇವನು ಎಷ್ಟು ಸಲ ನನ್ನ ಕೌಂಟರಿನ ಎದುರಿನ ವೆರಾಂಡದಲ್ಲಿ ನಿಂತಿದ್ದಾನೆ, ನನಗೆ ಹೇಳಲಿಲ್ಲ, ಬಂದು ಆರು ವಾರವಾಗದ ಇವಳಿಗೆ ಹೇಳಿದ, ಅಷ್ಟೇ ಬಂತು.

ಹುಡುಗಿ ಕೌಂಟರಿಗೆ ಬಂದಳು. “ಆಂಟಿ, ಗೋಲ್ಡಿ ಕಾರ್ಡಲ್ಲಿ ಟ್ರಾವೆಲ್ ಸರಿ ಮಾಡ್ಬೇಕು. ಕೆಳಗೆ ಹೋಗಿತ್ತಂತೆ.”

“ಯಾರು ಹೇಳಿದ್ದು?”

“ಅದು ಹೇಳಕ್ಕಾಗಲ್ಲ. ಮಾತು ಕೊಟ್ಟಿದೀನಿ.”

“ಹೇಳಿದವರ ಹೆಸರಿಲ್ಲದಿದ್ದರೆ ಅದು ಹಿಸ್ಟರಿ ಅಲ್ಲಮ್ಮ, ಗಾಸಿಪ್. ಕಾರ್ಡ್ ಒಂದು ಡಾಕ್ಯುಮೆಂಟ್.”

“ಸರಿ, ಕಾರ್ಡ್ ಬಿಡಿ. ಡಾಕ್ಟರಿಗೆ ಒಂದು ಫೋನ್ ಹಾಕಿ. ಹಟ್ಟಿ ಅಂಗಡಿ ನಂಬರ್ ನಿಮ್ಮ ಡೈರೀಲಿದೆಯಲ್ಲ.”

“ಅವರ ಕೈ ಹಸುವಿನ ಒಳಗಿರತ್ತೆ ಈಗ. ಗಾಸಿಪ್ ಹೇಳೋದಕ್ಕೆ ಓಡಿ ಬಾ ಅನ್ನಲಾ?”

“ನಾಯಿ ಸತ್ತರೆ ನಿಮ್ಮ ಡಾಕ್ಯುಮೆಂಟ್ ಏನ್ಮಾಡ್ತೀರಾ, ಆಂಟಿ?”

“ಫೈಲ್ ಮಾಡ್ತೀನಿ” ಎಂದೆ.

ನಿಜವಾಗಿಯೂ ಹಾಗೆಯೇ ಎಂದೆ. ಬದಲಿಸಿ ಬರೆಯಬಹುದಿತ್ತು, ಬರೆಯುತ್ತಿಲ್ಲ.

ಅವಳು ಜಗಳವಾಡಲಿಲ್ಲ. ಗೋಲ್ಡಿಯ ಕಿವಿಯ ತುದಿಯ ಕೂದಲು ಕತ್ತರಿಸಿ, ಸೂಜಿಯಿಂದ ಚುಚ್ಚಿ, ಎರಡು ಗಾಜಿನ ಮೇಲೆ ರಕ್ತ ಸವರಿ ಒಣಗಲು ಇಟ್ಟಳು. ಬಣ್ಣ ಹಾಕಲು ಅವಳಿಗೆ ಬರುತ್ತಿತ್ತು, ಓದಿ ಹೇಳುವ ಅಧಿಕಾರ ಇರಲಿಲ್ಲ. ಇಂಜೆಕ್ಷನ್ ಹಾಕುವುದಂತೂ ದೂರದ ಮಾತು. ಡ್ರಿಪ್ ಹಿಡಿದು ಕೂತಳು. ನಾನು ಕೌಂಟರಿನಲ್ಲಿ ಕೂತು ಒಂದು ಬೆಕ್ಕಿಗೂ ಎರಡು ಮೊಲಗಳಿಗೂ ಕಾರ್ಡ್ ಬರೆದೆ. ಡೈರಿ ನನ್ನ ಮೊಣಕೈ ಪಕ್ಕದಲ್ಲೇ ಇತ್ತು. ಹತ್ತು ಗಂಟೆಗೆ ಒಮ್ಮೆ ತೆರೆದೆ, ನಂಬರ್ ಕಂಡಿತು, ಮುಚ್ಚಿದೆ. ಹನ್ನೊಂದಕ್ಕೆ ಮುಟ್ಟಲೂ ಇಲ್ಲ. ಅಷ್ಟು ಹೊತ್ತಿಗೆ ತಡ ಮಾಡಿದ್ದೇ ಒಂದು ಕಾರಣವಾಗಿ, ಮತ್ತಷ್ಟು ತಡ ಮಾಡಿಸುತ್ತಿತ್ತು.

ಹನ್ನೆರಡೂ ಇಪ್ಪತ್ತಕ್ಕೆ ಡಾಕ್ಟರ ಜೀಪು ಬಂತು. ಗೋಲ್ಡಿ ಪಕ್ಕಕ್ಕೆ ಮಲಗಿದ್ದಳು, ಎಬ್ಬಿಸಿದರೆ ಕಾಲು ನಿಲ್ಲುತ್ತಿರಲಿಲ್ಲ. ಕೆಳಗಿದ್ದ ಟವೆಲ್ಲಿನ ಮೇಲೆ ಕಾಫಿ ಡಿಕಾಕ್ಷನ್ ಚೆಲ್ಲಿದಂತೆ ಮೂತ್ರ. ಡಾಕ್ಟರು ತುಟಿ ಎತ್ತಿದರು. ಒಸಡು ಕಾಗದದ ಹಾಗಿತ್ತು.

“ಲೆಪ್ಟೋ ಇಷ್ಟು ಬೇಗ ಹೀಗೆ ಮಾಡಲ್ಲ” ಎಂದರು, ತಮಗೆ ತಾವೇ. ಆಮೇಲೆ ಇಂಗ್ಲಿಷಿನಲ್ಲಿ ನನ್ನನ್ನು ಕೇಳಿದರು: ಮಿಸ್, ಟ್ರಾವೆಲ್ ಬಗ್ಗೆ ನಿಮಗೆ ಖಚಿತವೇ?

ಹುಡುಗಿ ನೆಲ ನೋಡುತ್ತಿದ್ದಳು. ಕೊಟ್ಟ ಮಾತನ್ನು ಮುರಿಯಬೇಕೋ ಬೇಡವೋ ಎಂದು ಅವಳು ತೂಗುತ್ತಿರುವುದು ನನಗೆ ಕಾಣುತ್ತಿತ್ತು. ಬಾಗಿಲಾಚೆ ಡ್ರೈವರ್ ಕಂಬಕ್ಕೆ ಒರಗಿ ನಿಂತಿದ್ದ. ಇನ್ನೊಂದು ‘ನಿಲ್’ ಸಾಕಿತ್ತು. ಹನ್ನೊಂದು ವರ್ಷ ನಂಬಿದವರು ಅದನ್ನೂ ನಂಬುತ್ತಿದ್ದರು.

ಕಾರ್ಡ್ ತೆಗೆದೆ. ಸೋಮವಾರದ ‘ನಿಲ್’ ಮೇಲೆ ಗೆರೆ ಎಳೆದೆ. ಪಕ್ಕದಲ್ಲಿ ಬರೆದೆ: ಎರಡು ವಾರದ ಹಿಂದೆ ಮಸಿನಗುಡಿ, ನಾಲ್ಕು ದಿನ, ಕಿವಿಯಿಂದ ಉಣ್ಣಿ ತೆಗೆದಿದ್ದಾರೆ. ವಿವರ ಕೊಟ್ಟವರು ಎಂಬಲ್ಲಿ ‘ನಾನು’ ಎಂದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ಪೆನ್ನು ಎತ್ತದೆ ಇನ್ನೊಂದು ಸಾಲು ಸೇರಿಸಿದೆ: ತಿಳಿದದ್ದು ಬೆಳಿಗ್ಗೆ 9.10ಕ್ಕೆ.

ಡಾಕ್ಟರು ಓದಿದರು. ಗಡಿಯಾರ ನೋಡಿದರು. ಮತ್ತೆ ಕಾರ್ಡ್ ನೋಡಿದರು. ಬೈದಿದ್ದರೆ ಇಷ್ಟು ಹೊತ್ತಿಗೆ ಮರೆತಿರುತ್ತಿದ್ದೆ.

ಅದೃಷ್ಟಕ್ಕೆ ಮಂಜು ಸರಿದಿತ್ತು. ಮೈಕ್ರೋಸ್ಕೋಪನ್ನು ವೆರಾಂಡಕ್ಕೆ ತಂದು, ಕನ್ನಡಿಯನ್ನು ಆಕಾಶದ ಕಡೆ ತಿರುಗಿಸಿ, ಅವಳು ಬಣ್ಣ ಹಾಕಿಟ್ಟಿದ್ದ ಸ್ಲೈಡಿನ ಮೇಲೆ ಎಣ್ಣೆಯ ಹನಿ ಬಿಟ್ಟು ನೋಡಿದರು. “ಬಬೀಸಿಯಾ” ಎಂದರು. ರಕ್ತಕಣದೊಳಗೆ ಎರಡೆರಡಾಗಿ, ಪಿಯರ್ ಹಣ್ಣಿನ ಆಕಾರದಲ್ಲಿ ಕೂತು ಅದನ್ನು ಒಡೆಯುವ ಸೂಕ್ಷ್ಮಜೀವಿ, ಉಣ್ಣಿಯಿಂದ ಬರುತ್ತದೆ. “ಬಾ, ನೋಡು” ಎಂದು ಹುಡುಗಿಯನ್ನು ಕರೆದರು. ನನ್ನನ್ನು ಕರೆಯಲಿಲ್ಲ. ಇಷ್ಟೆಲ್ಲ ಮಾಡಿಯೂ, ಆ ಗಳಿಗೆಯಲ್ಲಿಯೂ, ನನಗೆ ಅದು ಚುಚ್ಚಿತು.

ಇಂಜೆಕ್ಷನ್ ತೊಡೆಯ ಸ್ನಾಯುವಿನೊಳಗೆ ಹೋಯಿತು. ಆದರೆ ಹಿಮೋಗ್ಲೋಬಿನ್ ನಾಲ್ಕಕ್ಕೆ ಇಳಿದಿತ್ತು. ಔಷಧಿ ಕೆಲಸ ಮಾಡುವವರೆಗೆ ಪ್ರಾಣ ಹಿಡಿದುಕೊಳ್ಳಲು ರಕ್ತ ಬೇಕು ಎಂದರು ಡಾಕ್ಟರು. ರಕ್ತ ತುಂಬುವ ಚೀಲ ಫ್ರಿಜ್ಜಿನಲ್ಲಿತ್ತು. ಕೊಡುವ ನಾಯಿ ಬೇಕಿತ್ತು. ದೊಡ್ಡದು, ಆರೋಗ್ಯವಾದದ್ದು, ವ್ಯಾಕ್ಸಿನ್ ಆದದ್ದು, ಕೆಳಗೆ ಹೋಗದೇ ಇದ್ದದ್ದು. ಅದೂ ಒಂದು ಗಂಟೆಯೊಳಗೆ.

“ಮಿಸ್, ಕಾರ್ಡುಗಳಲ್ಲಿ ಯಾವುದಾದರೂ?”

ಕಾರ್ಡ್ ನೋಡುವ ಅಗತ್ಯ ಇರಲಿಲ್ಲ. ಮೇಜರ್ ನನ್ನ ನಾಯಿ, ಅಲ್ಸೇಷಿಯನ್ ಕ್ರಾಸ್, ಮೂವತ್ತನಾಲ್ಕು ಕಿಲೋ. ಮನೆ ಹತ್ತು ನಿಮಿಷದ ಏರುದಾರಿ. ಹೋಗಿ ಕರೆತಂದೆ.

ಬಂದಾಗ ಡಾಕ್ಟರು ಕೈ ತೊಳೆಯುತ್ತಿದ್ದರು. ಹುಡುಗಿ ಒಂದು ಹೊಸ ಕಾರ್ಡ್ ಹಿಡಿದು, “ಆಂಟಿ, ಇಲ್ಲಿ ಕೂತ್ಕೊಳ್ಳಿ” ಎಂದು ಬೆಂಚು ತೋರಿಸಿದಳು. ಅಷ್ಟು ವರ್ಷದಲ್ಲಿ ಆ ಬೆಂಚಿನಲ್ಲಿ ನಾನು ಕೂತಿರಲಿಲ್ಲ. ಕೌಂಟರ್ ಅಲ್ಲಿಂದ ಎಷ್ಟು ಎತ್ತರ ಕಾಣುತ್ತದೆ ಎಂದು ಗೊತ್ತಿರಲಿಲ್ಲ.

“ಕೊನೇ ಊಟ ಯಾವಾಗ?”

“ಬೆಳಿಗ್ಗೆ ಏಳಕ್ಕೆ.”

“ಕೆಮ್ಮು, ಭೇದಿ?”

“ಇಲ್ಲ.”

“ಹದಿನೈದು ದಿನದಲ್ಲಿ ಏನಾದ್ರೂ ಮಾತ್ರೆ ಕೊಟ್ಟಿದ್ರಾ?”

‘ಇಲ್ಲ’ ಎನ್ನುವುದು ನಾಲಿಗೆಯ ತುದಿಗೆ ಬಂದಿತ್ತು. ಮನುಷ್ಯರ ಮಾತ್ರೆಯನ್ನು ಪ್ರಾಣಿಗೆ ಕೊಡಬೇಡಿ, ಕ್ರೋಸಿನ್ ಅರ್ಧ ತುಂಡು ಸಾಕು ಬೆಕ್ಕನ್ನು ಕೊಲ್ಲುವುದಕ್ಕೆ, ನೋವಿನ ಮಾತ್ರೆ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತದೆ ಎಂದು ನಾನೇ ಎಷ್ಟು ಜನರಿಗೆ ಉಪದೇಶ ಮಾಡಿದ್ದೆ. ಮೇಜರ್ ಭಾನುವಾರದಿಂದ ಕುಂಟುತ್ತಿದ್ದ. ನನ್ನ ಡಬ್ಬಿಯಲ್ಲಿದ್ದ ಆಸ್ಪಿರಿನ್ ಅರ್ಧ ಮುರಿದು ಬ್ರೆಡ್ಡಿನಲ್ಲಿಟ್ಟು ಕೊಟ್ಟಿದ್ದೆ. ಕ್ಲಿನಿಕ್ಕಿಗೆ ತರಲಿಲ್ಲ, ಯಾಕೆಂದರೆ ತಂದರೆ ಇವಳು ಮುಟ್ಟುತ್ತಾಳೆ. ಆಸ್ಪಿರಿನ್ ರಕ್ತ ಹೆಪ್ಪುಗಟ್ಟುವುದನ್ನು ತಡೆಯುತ್ತದೆ. ಕುತ್ತಿಗೆಯ ದೊಡ್ಡ ನಾಳಕ್ಕೆ ಸೂಜಿ ಹಾಕುವವರಿಗೆ ಅದು ಗೊತ್ತಿರಲೇಬೇಕು. ಮುಚ್ಚಿಟ್ಟರೆ ಕಷ್ಟ ಮೇಜರ್‌ಗೆ. ಹೇಳಿದರೆ, ಇವಳ ಮುಂದೆ, ನನಗೆ.

“ಅರ್ಧ ಆಸ್ಪಿರಿನ್” ಎಂದೆ. “ಭಾನುವಾರ. ಮತ್ತೆ ನಿನ್ನೆ.”

ಅವಳು ತಲೆ ಎತ್ತುತ್ತಾಳೆ, ಒಂದು ಹುಬ್ಬು ಏರುತ್ತದೆ, ‘ಅಯ್ಯೋ ನೀವೇನಾ ಆಂಟಿ’ ಎನ್ನುತ್ತಾಳೆ ಎಂದು ಕಾದೆ. ಅವಳು ಬರೆದುಕೊಂಡಳು. ಬರೆಯುತ್ತಲೇ ಕೇಳಿದಳು: “ಊಟದ ಜೊತೆಗಾ, ಬರೀ ಹೊಟ್ಟೆಗಾ?”

ಅಷ್ಟೇ. ಮುಂದಿನ ಪ್ರಶ್ನೆ. ಅವಳ ವಿದ್ಯೆ ಏನು ಎಂದು ಆಗ ತಿಳಿಯಿತು, ಅದನ್ನು ಕದಿಯಬೇಕು ಅನ್ನಿಸುವಷ್ಟು ತಿಳಿಯಿತು. ನಾನು ಉತ್ತರ ಕೇಳಿದಾಗ ನನ್ನ ಮುಖದಲ್ಲಿ ಏನೋ ಒಂದು ಬರುತ್ತಿತ್ತು. ಜನ ಅದನ್ನು ನೋಡಿ ಮುಂದಿನದನ್ನು ನುಂಗಿಕೊಳ್ಳುತ್ತಿದ್ದರು. ಅವಳ ಮುಖದಲ್ಲಿ ಏನೂ ಬರುತ್ತಿರಲಿಲ್ಲ.

ಡಾಕ್ಟರು ಕಾರ್ಡ್ ಓದಿ ಲೆಕ್ಕ ಬದಲಿಸಿದರು. ಚೀಲ ಪೂರ್ತಿ ಬೇಡ, ಮುಕ್ಕಾಲು ಸಾಕು. ಸೂಜಿ ತೆಗೆದ ಮೇಲೆ ಹತ್ತು ನಿಮಿಷ ಒತ್ತಿ ಹಿಡಿಯಬೇಕು. ಮೂರು ದಿನ ಮಲ ಕಪ್ಪಗಾಗುತ್ತದೆಯೇ ನೋಡಬೇಕು. ಆಮೇಲೆ ಗೋಲ್ಡಿಯ ರಕ್ತದ ತಿಳಿಗೂ ಮೇಜರ್‌ನ ರಕ್ತಕ್ಕೂ ಗಾಜಿನ ಮೇಲೆ ಜಗಳವಾಗುತ್ತದೆಯೇ, ಗಂಟು ಕಟ್ಟುತ್ತದೆಯೇ ನೋಡಿದರು. ಕಟ್ಟಲಿಲ್ಲ.

ಮೇಜರ್‌ನನ್ನು ಮೇಜಿನ ಮೇಲೆ ನಾನೇ ಹಿಡಿದೆ. ಹೆದರಿಕೆಗೆ ಅವನ ತಲೆಯನ್ನು ತೀರ ಬಿಗಿಯಾಗಿ ಹಿಡಿದಿದ್ದೆ. ಅವನು ಕುಂಯ್‌ಗುಟ್ಟುತ್ತ ತಲೆ ಕೊಡವಿದ. ಎರಡು ಸಲ ಸೂಜಿ ತಪ್ಪಿತು.

“ಮಿಸ್, ಪ್ಲೀಸ್ ವೇಟ್ ಔಟ್‌ಸೈಡ್” ಎಂದರು ಡಾಕ್ಟರು.

ಎಷ್ಟೋ ಒಡೆಯರಿಗೆ ನಾನೇ ಹೀಗೆ ಹೇಳಿ ಬಾಗಿಲು ಹಾಕಿದ್ದೇನೆ. ನಿಮ್ಮ ಭಯ ಚೈನಿನ ಮೂಲಕ ಅದಕ್ಕೆ ಇಳಿಯುತ್ತದೆ, ನೀವು ಹೊರಗಿದ್ದರೆ ಅದು ಸುಮ್ಮನಿರುತ್ತದೆ ಎಂದು ಸಮಾಧಾನ ಹೇಳಿದ್ದೇನೆ. ನಿಜವೇ. ನಾನು ಹೊರಗೆ ಬಂದು ಬಾಗಿಲು ಎಳೆದುಕೊಂಡ ಕೂಡಲೇ ಮೇಜರ್‌ನ ದನಿ ನಿಂತಿತು. ಒಳಗೆ ಹುಡುಗಿ ಬಡಗ ಮಾತಿನಲ್ಲಿ ಅವನಿಗೆ ಏನೋ ಹೇಳುತ್ತಿದ್ದಳು. ಒಂಬತ್ತು ವರ್ಷದಿಂದ ನನ್ನ ಇಂಗ್ಲಿಷ್ ಬಿಟ್ಟು ಬೇರೇನೂ ಕೇಳದ ನಾಯಿ.

ರಕ್ತ ಮೊದಲ ಕಾಲು ಗಂಟೆ ತೀರ ನಿಧಾನವಾಗಿ ಹೋಗಬೇಕು. ಹುಡುಗಿ ವಾಚು ಹಿಡಿದು ಹನಿ ಎಣಿಸಿದಳು, ತುಟಿ ಊದುತ್ತದೆಯೇ, ವಾಂತಿ ಬರುತ್ತದೆಯೇ ನೋಡಿದಳು. ಏನೂ ಆಗಲಿಲ್ಲ. ಡ್ರೈವರ್‌ನನ್ನು ಒಳಗೆ ಕರೆದು ಗೋಲ್ಡಿಯ ತಲೆಯ ಹತ್ತಿರ ಕೂರಿಸಿದವರು ಡಾಕ್ಟರು. ನಾನು ಮೇಡಂಗೆ ಫೋನ್ ಮಾಡಿದೆ.

ಅವಳು ಮೂರೂವರೆಗೆ ಟ್ಯಾಕ್ಸಿಯಲ್ಲಿ ಬಂದಳು, ಶಾಲು ಒಂದು ಕಡೆ ಜಾರಿ. ಮೊದಲು ಕೇಳಿದ್ದು ಕಾರ್ಡ್. ಕೊಟ್ಟೆ. ಕನ್ನಡಕ ಹಾಕಿಕೊಂಡು ಓದಿದಳು.

“ಮಸಿನಗುಡಿ? ಗೋಲ್ಡಿ?” ನನ್ನನ್ನು ದಿಟ್ಟಿಸಿದಳು. “‘ನಾನು’ ಅಂತ ಬರೆದಿದ್ದೀಯ. ನಿನಗೆ ಹೇಗೆ ಗೊತ್ತಾಯ್ತು? ಹೂ ಟೋಲ್ಡ್ ಯೂ?”

ಇದಕ್ಕೆ ಉತ್ತರ ಹೇಳುವುದು ಆ ಹುಡುಗಿಯಿಂದ ಆಗುವಂಥದ್ದಲ್ಲ. ಬಂಗಲೆಯ ಮೇಡಂಗೆ ಎದುರು ಕೂತು ಹೇಳಬಲ್ಲವಳು ಆ ಕ್ಲಿನಿಕ್ಕಿನಲ್ಲಿ ನಾನೊಬ್ಬಳೇ. ಒಂದೇ ಡೆಸ್ಕಿನಲ್ಲಿ ಕೂತು ಬೆಳೆದವಳು.

“ಹೇಳ್ತೀನಿ, ಮೊದಲು ಇದು ಕೇಳು” ಎಂದೆ. “ನೀನು ನನಗೆ ಫೋನಿನಲ್ಲಿ ಹೇಳೋದೆಲ್ಲ ನಿನಗೆ ಗೊತ್ತಿರೋದು. ಆ ನಾಯಿ ಏನು ತಿಂದಿತು, ಎಲ್ಲಿ ಮಲಗಿತು, ಅದರ ಮೂತ್ರದ ಬಣ್ಣ ಯಾವಾಗ ಬದಲಾಯ್ತು, ಇದು ನಿನಗೆ ಗೊತ್ತಿಲ್ಲ. ಗೊತ್ತಿರೋರನ್ನ ನೀನು ಮಳೇಲಿ ನಿಲ್ಲಿಸ್ತೀಯ, ನಾನೂ ನಿಲ್ಲಿಸಿದೆ. ಈಗ ಬಾಯಿ ಬಿಟ್ಟವರನ್ನ ನೀನು ಮನೆಗೆ ಕಳಿಸಿದರೆ, ಮುಂದಿನ ಸಲ ನನ್ನ ಹತ್ತಿರ ತುಂಬ ಕ್ಲೀನ್ ಆದ ಕಾರ್ಡ್ ಇರತ್ತೆ. ನಾಯಿ ಇರಲ್ಲ.”

ಅವಳು ಉತ್ತರಿಸುವ ಮೊದಲೇ ವಾರ್ಡಿನ ಬಾಗಿಲು ತೆರೆಯಿತು. ಡ್ರೈವರ್. ಎಲ್ಲ ಕೇಳಿಸಿಕೊಂಡಿದ್ದ.

“ನಾನೇ ಕರ್ಕೊಂಡೋಗಿದ್ದು, ಅಮ್ಮಾ.”

“ಎಲ್ಲೂ ಹೋಗಬೇಡ ಅಂತ ನಾನು ಅಂದಿರಲಿಲ್ವಾ?”

“ಅಂದಿದ್ರಿ. ನೀವು ಹೋದ ದಿನದಿಂದ ಅದು ಬಾಗಿಲು ನೋಡ್ಕೊಂಡು ಕೂತ್ಬಿಡ್ತು. ಎರಡು ದಿನ ನೀರೂ ಮುಟ್ಲಿಲ್ಲ. ನನ್ ಮನೇಲಿ ಮಕ್ಕಳಿದ್ದಾವೆ, ನಾಕು ಜನ ಸೇರಿ ತಿನ್ನಿಸಿದ್ರು. ತಪ್ಪಾಯ್ತು.”

ಗೆಳತಿ ಕನ್ನಡಕ ತೆಗೆದು ಕಾರ್ಡಿನ ಮೇಲಿಟ್ಟಳು. ಕೋಪಕ್ಕೆ ಕಾದಿದ್ದೆ. ಬಂದದ್ದು ಬೇರೆ.

“ಅಲ್ಲಿ ಚೆನ್ನಾಗಿ ತಿಂತಾ?” ಎಂದು ಕೇಳಿದಳು.

“ತಿಂತು, ಅಮ್ಮಾ. ಎರಡೆರಡು ಸಲ ಕೇಳ್ತು.”

ಅವಳ ಮುಖ ಬಾಡಿದ ರೀತಿಯನ್ನು ನಾನು ಗುರುತಿಸಿದೆ. ಕನ್ನಡಿ ನೋಡುವ ಅಗತ್ಯವೇ ಇರಲಿಲ್ಲ. ನಮ್ಮದು ಎಂದುಕೊಂಡಿದ್ದ ಜೀವ ಇನ್ನೊಬ್ಬರ ಕೈಯಲ್ಲಿ ಹೆಚ್ಚು ಸುಖವಾಗಿತ್ತು ಎಂದು ಕೇಳಿಸಿಕೊಂಡ ಮುಖ. ಸಮಾಧಾನದ ಮಾತು ಹೇಳಲು ಹೋಗಲಿಲ್ಲ. ನನಗೆ ಯಾರೂ ಹೇಳಿ ಉಪಯೋಗವಾಗಿರಲಿಲ್ಲ.

ಒಳಗೆ ಗೋಲ್ಡಿ ತಲೆ ಎತ್ತಿದ್ದಳು. ಮೇಡಂ ನೀರಿನ ಬಟ್ಟಲು ಹಿಡಿದಳು. ಗೋಲ್ಡಿ ಮೂಸಿ ಮುಖ ತಿರುಗಿಸಿದಳು. ಮೇಡಂ ಬಟ್ಟಲನ್ನು ಡ್ರೈವರ್‌ನ ಕೈಗೆ ಕೊಟ್ಟಳು. ಅವನು ಅಂಗೈಯಲ್ಲಿ ನೀರು ತೆಗೆದುಕೊಂಡು ಮೂತಿಯ ಹತ್ತಿರ ಹಿಡಿದ. ಕುಡಿದಳು.

“ನೀನು ಅನ್ನ ಹೇಗೆ ಕಲಸ್ತೀಯ?” ಮೇಡಂ ಕೇಳಿದಳು. “ನನಗೂ ಹೇಳಿಕೊಡು.”

ಅವನು ನಾಚಿಕೊಂಡು ಶುರು ಮಾಡಿದ: ರಾಗಿ ಗಂಜಿ, ಮೂಳೆಯ ಸಾರು, ಒಂದು ಚೂರು ಕರುವಾಡು, ಅಂದರೆ ಒಣಮೀನು. ಹುಡುಗಿ ಪೆನ್ನು ತೆಗೆದು ಕಾರ್ಡಿನ ಡಯಟ್ ಸಾಲಿನಲ್ಲಿ ಬರೆದುಕೊಳ್ಳತೊಡಗಿದಳು, ನನ್ನ ಹಾಲು ಬ್ರೆಡ್ಡಿನ ಕೆಳಗೆ.

ಗೋಲ್ಡಿ ಬದುಕಿದಳು. ಡ್ರೈವರ್‌ನ ಕೆಲಸವೂ ಉಳಿಯಿತು. ಮರುದಿನದಿಂದ ಹಿಸ್ಟರಿ ಹುಡುಗಿಯೇ ಕೇಳಬೇಕು, ಅವಳು ಕೇಳಿದ್ದನ್ನು ನಾನು ಬರೆಯಬೇಕು ಎಂದು ಡಾಕ್ಟರಿಗೆ ಹೇಳಿದವಳು ನಾನೇ. ಅವರಾಗಿ ಹೇಳುವ ಮೊದಲೇ ಹೇಳಿಬಿಡಬೇಕು ಎನ್ನಿಸಿತ್ತು. ಬೆಳಿಗ್ಗೆಯೇ ಫೋನ್ ಮಾಡಿದ್ದರೆ ರಕ್ತದ ಅಗತ್ಯ ಬೀಳುತ್ತಿತ್ತೇ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಹೊಟ್ಟೆಕಿಚ್ಚು ಹೋಯಿತೇ ಎಂದರೆ, ಇಲ್ಲ. ಅದರ ಜೊತೆಗೇ ಇನ್ನೂ ನಾಲ್ಕು ವರ್ಷ ಕೆಲಸ ಮಾಡಿದೆ.

ಆ ಸಂಜೆ ಮೇಜರ್‌ನನ್ನು ಮನೆಗೆ ಕರೆದೊಯ್ಯಲು ಹಿಂದಿನ ಕೋಣೆಗೆ ಹೋದೆ. ಕುತ್ತಿಗೆಯ ಹತ್ತಿ ಒಣಗಿತ್ತು, ರಕ್ತ ಜಿನುಗಿರಲಿಲ್ಲ. ನೆಲ ತಣ್ಣಗಿದೆ ಎಂದು ಹುಡುಗಿ ತನ್ನ ಸ್ವೆಟರ್ ಬಿಚ್ಚಿ ಹಾಸಿ, ಚಳಿಯಲ್ಲಿ ತೋಳು ಕಟ್ಟಿಕೊಂಡು ಓಡಾಡುತ್ತಿದ್ದಳು. ಅವನು ಅದರ ತೋಳಿನೊಳಗೆ ಮೂತಿ ತೂರಿಸಿ ಗಾಢವಾಗಿ ನಿದ್ದೆ ಮಾಡುತ್ತಿದ್ದ. ಚೈನು ನನ್ನ ಕೈಯಲ್ಲಿತ್ತು. ಎಬ್ಬಿಸಬಹುದಿತ್ತು. ಗೋಡೆಗೆ ಒರಗಿ ನಿಂತು, ಅವನಾಗಿಯೇ ಏಳುವವರೆಗೆ ಕಾದೆ.